‘ಗೇಮ್ ಓವರ್’ ಚಾಂಪಿಯನ್

ಗಂಡಸರಿಗೆ ನಲವತ್ತೈದು ದಾಟಿದ ಮೇಲೆ ಬರುವ ಕಾಯಿಲೆಗಳಲ್ಲಿ ಬಿಪಿ ಮಾತ್ರೆಗೆ ಬಗ್ಗುತ್ತದೆ, ಶುಗರ್ ಪಥ್ಯಕ್ಕೆ ಬಗ್ಗುತ್ತದೆ. ಯಾವುದಕ್ಕೂ ಬಗ್ಗದ ಕಾಯಿಲೆ ಒಂದೇ: ಮಾತೆತ್ತಿದರೆ ‘ನಾವು ಚಿಕ್ಕವರಿದ್ದಾಗ’ ಎನ್ನುವುದು. ನನಗೆ ಅದು ಮೊದಲಿನಿಂದಲೂ ಇತ್ತು. ಉಲ್ಬಣಿಸಿದ್ದು ಮಾತ್ರ ಕಳೆದ ಬೇಸಿಗೆಯ ಒಂದು ಶನಿವಾರ, ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ, ನಮ್ಮ ಹಿಂದಿನ ಬೀದಿಯ ಗ್ಯಾರೇಜ್ ಸೇಲಿನಲ್ಲಿ.

ಹೆಂಡತಿ ನನ್ನನ್ನು ಕಳಿಸಿದ್ದು ಕೊತ್ತಂಬರಿ ಸೊಪ್ಪಿಗೆ. ನಾನು ತಂದದ್ದು ಒಂದು ಹಳೆಯ ಪ್ಲೇಸ್ಟೇಷನ್ 2, ಎರಡು ಕಂಟ್ರೋಲರು, ಯಾರದೋ ನಾಯಿ ಅಗಿದಿದ್ದ ಒಂದು ವೈರು ಮತ್ತು ಒಂದು ಡಿಸ್ಕು. ಎಲ್ಲ ಸೇರಿ ಹದಿನೈದು ಡಾಲರ್.

“ಸೊಪ್ಪು?” ಅಂದಳು.

“ಇದರಲ್ಲಿ ಹದಿನಾರು ಆಟ ಇದೆ” ಅಂದೆ.

“ಸಾರಿಗೆ ಯಾವುದನ್ನ ಹೆಚ್ಚಿ ಹಾಕಲಿ?”

ಡಿಸ್ಕಿನ ಹೆಸರು ‘ನಾಮ್ಕೊ ಮ್ಯೂಸಿಯಂ’. 1955ರಲ್ಲಿ ಮಸಾಯಾ ನಕಾಮುರಾ ಎಂಬ ಪುಣ್ಯಾತ್ಮ ಯೊಕೊಹಾಮಾದ ಒಂದು ದೊಡ್ಡ ಅಂಗಡಿಯ ತಾರಸಿಯ ಮೇಲೆ ಮಕ್ಕಳು ಕೂತು ಆಡುವ ಎರಡು ಯಂತ್ರದ ಕುದುರೆ ಇಟ್ಟು ಶುರುಮಾಡಿದ ಕಂಪನಿ ನಾಮ್ಕೊ. ಐವತ್ತು ವರ್ಷ ತುಂಬಿದಾಗ, 2005ರಲ್ಲಿ, ತನ್ನ ಹಳೆಯ ಆಟಗಳನ್ನು ಒಂದೇ ಡಿಸ್ಕಿನಲ್ಲಿ ಉಪ್ಪಿನಕಾಯಿ ಹಾಕಿಟ್ಟಂತೆ ಹಾಕಿಟ್ಟಿತು: ಗ್ಯಾಲಕ್ಸಿಯನ್, ಪ್ಯಾಕ್-ಮ್ಯಾನ್, ಗ್ಯಾಲಗಾ, ಡಿಗ್ ಡಗ್, ಪೋಲ್ ಪೊಸಿಷನ್... ಒಂದು ಕಾಲದಲ್ಲಿ ಬೀರುವಿನಷ್ಟು ಎತ್ತರದ ಪೆಟ್ಟಿಗೆಗಳಲ್ಲಿ ನಿಂತು ಒಂದೊಂದೂ ಕಾಸು ಕೇಳುತ್ತಿದ್ದ ಯಂತ್ರಗಳು. ಈಗ ಹದಿನಾರೂ ಸೇರಿ ಒಂದು ಹಪ್ಪಳದಷ್ಟು ತೆಳ್ಳಗೆ ನನ್ನ ಕೈಯಲ್ಲಿದ್ದವು.

“ನಾವು ಚಿಕ್ಕವರಿದ್ದಾಗ...” ಎಂದು ಶುರುಮಾಡಿದೆ. ಹದಿನಾಲ್ಕು ವರ್ಷದ ಮಗಳು ಕಿವಿಗೆ ಇಯರ್‌ಫೋನ್ ಹಾಕಿಕೊಂಡಳು. ನಾನು ಬಿಡಲಿಲ್ಲ.

ನಾವು ಚಿಕ್ಕವರಿದ್ದಾಗ, ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ, ದೆಹಲಿ ಹಪ್ಪಳದ ಅಂಗಡಿಯ ಪಕ್ಕ, ಒಂದು ತಗಡಿನ ಶೆಡ್ಡಿನಲ್ಲಿ ಮೂರು ವಿಡಿಯೊ ಗೇಮ್ ಯಂತ್ರಗಳಿದ್ದವು. ಒಂದು ರೂಪಾಯಿಗೆ ಒಂದು ಬಿಲ್ಲೆ, ಒಂದು ಬಿಲ್ಲೆಗೆ ಒಂದು ಆಟ. ನನಗೆ ಆಗ ಎಂಟು ವರ್ಷ. ಬಿಲ್ಲೆ ಹಾಕುವುದು ಅಮ್ಮನ ಕೆಲಸ, ಆಡುವುದು ನನ್ನ ಕೆಲಸ. ಹಳದಿ ಬಣ್ಣದ ಒಂದು ಗುಂಡನೆಯ ಬಾಯಿ, ಅದರ ಹಿಂದೆ ನಾಲ್ಕು ದೆವ್ವ. ಪರದೆಯ ನಡುವೆ ಕೆಂಪು ಅಕ್ಷರದಲ್ಲಿ ‘ಗೇಮ್ ಓವರ್’ ಎಂದು ಬರೆದಿರುತ್ತಿದ್ದುದರಿಂದ ಅದೇ ಆಟದ ಹೆಸರು ಎಂದುಕೊಂಡಿದ್ದೆ. ಶಾಲೆಯಲ್ಲಿ ನಾನು ‘ಗೇಮ್ ಓವರ್’ ಚಾಂಪಿಯನ್ ಎಂದು ಹೇಳಿಕೊಂಡು ಎಷ್ಟೋ ಜನರ ಗೌರವಕ್ಕೂ ಒಬ್ಬನ ಬಳಪದ ಡಬ್ಬಿಗೂ ಪಾತ್ರನಾಗಿದ್ದೆ. ಸುತ್ತಲಿನ ಗದ್ದಲದಲ್ಲಿ ಆಟದ ಸದ್ದೇ ಕೇಳುತ್ತಿರಲಿಲ್ಲ. ಆದರೂ ಕೋಲು ಹಿಡಿದರೆ ಸಾಕು, ಆ ಹಳದಿ ಬಾಯಿ ನಾನು ಮನಸ್ಸಿನಲ್ಲಿ ಅಂದುಕೊಂಡ ಕಡೆಗೇ ತಿರುಗುತ್ತಿತ್ತು. ಒಂದೇ ಬಿಲ್ಲೆಯಲ್ಲಿ ಅರ್ಧ ಗಂಟೆ ಆಡಿದ್ದೂ ಉಂಟು.

ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿದ್ದ ಅಮ್ಮ ಅಲ್ಲೇ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದಳು. ಅರ್ಧ ಗಂಟೆ ಎಂದದ್ದಕ್ಕೆ ತಲೆಯೆತ್ತಿ ನನ್ನನ್ನೇ ನೋಡಿದಳು. ಏನೋ ಹೇಳಲು ಬಾಯಿ ತೆರೆದವಳು, ಮೊಮ್ಮಗಳು ಎದುರಿಗಿದ್ದಾಳೆಂದೋ ಏನೋ, ಮತ್ತೆ ಹುರುಳಿಕಾಯಿಗೆ ಹೋದಳು. ನನ್ನ ಪ್ರತಿಭೆ ನೆನೆದು ಗಂಟಲು ಕಟ್ಟಿರಬೇಕು ಎಂದುಕೊಂಡೆ.

ಯಂತ್ರವನ್ನು ಟಿವಿಗೆ ಜೋಡಿಸುವುದರಲ್ಲಿ ಶನಿವಾರ ಮುಗಿಯಿತು. ಅದರ ವೈರಿಗೆ ಕೆಂಪು, ಬಿಳಿ, ಹಳದಿ ಎಂದು ಮೂರು ಬಾಲ. ನಮ್ಮ ಟಿವಿಗೆ ಎಚ್‌ಡಿಎಂಐ ಬಿಟ್ಟು ಬೇರೆ ತೂತಿಲ್ಲ. ನಡುವೆ ದುಭಾಷಿಯಂತೆ ಒಂದು ಪರಿವರ್ತಕ ಬೇಕು. ಅದಕ್ಕೆ ಇಪ್ಪತ್ತೆರಡು ಡಾಲರ್. ಹದಿನೈದರ ಹಸುವಿಗೆ ಇಪ್ಪತ್ತೆರಡರ ಮೂಗುದಾರ. ಭಾನುವಾರ ಸಂಜೆ ಕೊನೆಗೂ ಪರದೆ ಬೆಳಗಿತು. ಆದರೆ ಆ ಹಳದಿ ಬಾಯಿ, ಅಂದರೆ ಪ್ಯಾಕ್-ಮ್ಯಾನ್, ಗುಂಡಗಿರಲಿಲ್ಲ. ಮೂಲ ಯಂತ್ರದಲ್ಲಿ ಪರದೆಯನ್ನು ಉದ್ದುದ್ದ ನಿಲ್ಲಿಸಿರುತ್ತಿದ್ದರು. ನಮ್ಮ ಟಿವಿ ಅಡ್ಡಡ್ಡ ಮಲಗಿದೆ. ಎಳೆದು ಹಿಗ್ಗಿಸಿದ್ದಕ್ಕೆ ಅದು ಚಪ್ಪಟೆಯಾಗಿತ್ತು.

“ಇದೇನೋ, ಇಡ್ಲಿ ಬಾಯಿ ಬಿಡ್ತಿದೆ” ಅಂದಳು ಅಮ್ಮ.

ಟಿವಿಯ ರಿಮೋಟಿನಲ್ಲಿ ಏನೇನೋ ಒತ್ತಿದ ಮೇಲೆ ಎರಡೂ ಪಕ್ಕ ಕಪ್ಪು ಪಟ್ಟಿ ಬಂದು ಗುಂಡಗಾಯಿತು. “ಈಗ ತುಂಡು ಮುರಿದ ಒಬ್ಬಟ್ಟು” ಎಂದು ಅಮ್ಮ ಪ್ರಮಾಣಪತ್ರ ಕೊಟ್ಟಳು. ಆಟ ರೂಪಿಸಿದ ತೋರು ಇವಾತಾನಿ ಒಂದು ಚೂರು ತೆಗೆದ ಪಿಜ್ಜಾದ ಆಕಾರವನ್ನು ನೆನೆಸುತ್ತಾರೆ. ಅವರು ಮೈಸೂರಿನಲ್ಲಿ ಹುಟ್ಟಿದ್ದರೆ ಒಬ್ಬಟ್ಟನ್ನೇ ನೆನೆಸುತ್ತಿದ್ದರು. ಜಪಾನಿನಲ್ಲಿ ‘ಪಕುಪಕು’ ಎಂದರೆ ನಮ್ಮ ‘ಗಬಗಬ’. ಪ್ಯಾಕ್-ಮ್ಯಾನ್ ಎಂಬ ಹೆಸರು ಅಲ್ಲಿಂದ ಬಂದದ್ದು. ಗಬಗಬರಾಯ ಎನ್ನಬಹುದು.

ನಾನು ಕಂಟ್ರೋಲರ್ ಹಿಡಿದೆ. ಮನೆಯವರೆಲ್ಲ ಸೋಫಾದಲ್ಲಿ ಸಾಲಾಗಿ ಕೂತರು. ಚಾಂಪಿಯನ್ ನಲವತ್ತು ವರ್ಷದ ಬಳಿಕ ಕಣಕ್ಕಿಳಿಯುವ ಗಳಿಗೆ. ಸಂಗೀತ ಮುಗಿಯಿತು, ಆಟ ಶುರುವಾಯಿತು, ನಾನು ನೇರವಾಗಿ ಕೆಂಪು ದೆವ್ವದ ಬಾಯಿಗೆ ಹೋದೆ. ಎರಡನೆಯ ಜೀವ ಗುಲಾಬಿಗೆ. ಮೂರನೆಯ ಸಲ ಯಾವ ದೆವ್ವವೂ ಹತ್ತಿರವಿರಲಿಲ್ಲ. ಇದ್ದ ಕಡೆಗೆ ನಾನೇ ಹೋದೆ.

“ಅಪ್ಪ, ಟ್ಯುಟೋರಿಯಲ್ ಮುಗೀತಾ? ಗೇಮ್ ಯಾವಾಗ ಶುರು?” ಅಂದಳು ಮಗಳು.

ಆ ರಾತ್ರಿ ಹನ್ನೊಂದೂವರೆಯವರೆಗೆ ಆಡಿದೆ. ಬಿಲ್ಲೆಯ ಹಂಗಿಲ್ಲ, ಒಂದು ಗುಂಡಿ ಒತ್ತಿದರೆ ಇನ್ನೊಂದು ಆಟ, ಸತ್ತರೆ ಮತ್ತೊಂದು. ಹೆಂಡತಿ ಎಣಿಸಿದ ಪ್ರಕಾರ ಅರವತ್ತೊಂದು ಆಟ. ಅತ್ಯುತ್ತಮ ಅಂಕ 3,820. ಮೊದಲ ಹಂತದ, ಅಂದರೆ ಮೊದಲ ಮನೆಯ, 240 ಚುಕ್ಕಿಗಳನ್ನೂ ನಾಲ್ಕು ದೊಡ್ಡ ಗುಳಿಗೆಗಳನ್ನೂ ತಿಂದು ಮುಗಿಸಿದ್ದು ಎರಡೇ ಸಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ; ನೆಲ ಡೊಂಕಲ್ಲ ಎಂದು ಗೊತ್ತಿದ್ದರಿಂದ ನಾನು ಒಂದು ಸಿದ್ಧಾಂತ ಮಂಡಿಸಬೇಕಾಯಿತು.

“ತಪ್ಪು ನನ್ನದಲ್ಲ, ಪುಕ್ಕಟೆಯದು” ಅಂದೆ. “ಕಾಸು ಇಲ್ಲದೆ ಈ ಆಟವೇ ಇಲ್ಲ. ಇದೇ ನಮ್ಮ ಸನ್ನಿವೇಲ್‌ನಲ್ಲಿ, ಎಲ್ ಕಮಿನೊ ರಸ್ತೆಯ ಒಂದು ಬಾರಿನಲ್ಲಿ, 1972ರಲ್ಲಿ ಅಟಾರಿ ಕಂಪನಿಯವರು ತಮ್ಮ ಮೊದಲ ಆಟ ‘ಪಾಂಗ್’ ಇಟ್ಟರು. ಸ್ವಲ್ಪ ದಿನಕ್ಕೇ ಯಂತ್ರ ನಿಂತುಹೋಯಿತು ಅಂತ ಕರೆ ಬಂತು. ಅದನ್ನ ಕಟ್ಟಿದ್ದ ಎಂಜಿನಿಯರ್ ಆಲನ್ ಆಲ್ಕಾರ್ನ್ ಹೋಗಿ ಬಿಚ್ಚಿ ನೋಡಿದರೆ ಯಂತ್ರ ಕೆಟ್ಟೇ ಇರಲಿಲ್ಲ. ಕಾಸಿನ ಡಬ್ಬಿ ತುಂಬಿ ತುಳುಕ್ತಿತ್ತು, ಅಷ್ಟೆ.”

“ನಮ್ಮನೇಲಿ ನಿಂತುಹೋಗೋದೆಲ್ಲ ಕಾಸು ಸಾಲದೆ” ಅಂದಳು ಹೆಂಡತಿ.

“ಅದೇ ನಾನು ಹೇಳೋದು! ಜೇಬಿನಲ್ಲಿ ಒಂದೇ ಒಂದು ರೂಪಾಯಿ ಇದ್ದಾಗ ಕೈ ತಾನಾಗಿ ಚುರುಕಾಗುತ್ತೆ. ಪ್ರತಿ ಆಟಕ್ಕೂ ಏನಾದರೂ ತೆರಬೇಕು ಅಂತಿದ್ದರೆ ನನ್ನ ಹಳೆಯ ಕೈಚಳಕ ವಾಪಸ್ ಬರುತ್ತೆ.”

ಆ ಬಾರು ಇದ್ದ ಜಾಗಕ್ಕೆ ಆಮೇಲೆ ಕಾಮಿಡಿ ಕ್ಲಬ್ ಬಂತು ಎಂಬುದನ್ನು ಹೇಳಲು ಮರೆತೆ. ಅಗತ್ಯವೂ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಕ್ಲಬ್ಬಿನ ಒಂದು ಶಾಖೆ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ತೆರೆದಿತ್ತು. ನನ್ನವಳು ಆಫೀಸಿನಲ್ಲಿ ಇನ್ನೂರು ಜನರ ಪ್ರಾಜೆಕ್ಟ್ ನಡೆಸುವವಳು. ಒಬ್ಬ ಗಂಡ ಯಾವ ಲೆಕ್ಕ? ಚಾರ್ಟು ಹೀಗಿತ್ತು: ಒಂದು ಆಟಕ್ಕೆ ಒಂದು ಮನೆಗೆಲಸ. ಪಾತ್ರೆ ತೊಳೆಯುವುದು, ಬಟ್ಟೆ ಮಡಿಸುವುದು, ಕಸದ ಡಬ್ಬಿ ರಸ್ತೆಗೆ ಇಡುವುದು, ಬಚ್ಚಲು ಉಜ್ಜುವುದು, ವ್ಯಾಕ್ಯೂಮ್. ಸಾಲದಲ್ಲೂ ಆಡಬಹುದು, ಬಾಕಿ ಮುಂದಕ್ಕೆ ಹೋಗುತ್ತದೆ. ಕೆಳಗೆ ಸಣ್ಣ ಅಕ್ಷರದಲ್ಲಿ: ‘ಹಿರಿಯ ನಾಗರಿಕರಿಗೆ ಸಂಪೂರ್ಣ ಉಚಿತ.’

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವವರನ್ನು ಕಂಡಿದ್ದೇನೆ. ಹಳ್ಳ ತೋಡುವ ಬಗ್ಗೆ ಉಪನ್ಯಾಸ ಕೊಟ್ಟು ಬಿದ್ದವನು ನಾನೊಬ್ಬನೇ.

ವಾರದೊಳಗೆ ಇಪ್ಪತ್ತಮೂರು ಕೆಲಸ ಬಾಕಿಯಾಯಿತು. ಕೈಚಳಕ ಬರಲಿಲ್ಲ. ಪ್ಯಾಕ್-ಮ್ಯಾನ್ ಬೇಡವೆಂದು ಆಟ ಬದಲಾಯಿಸಿ ನೋಡಿದೆ. ‘ಪೋಲ್ ಪೊಸಿಷನ್’ನಲ್ಲಿ ಕಾರು ಓಡಿಸಿದೆ, 1982ರ ಆಟ, ಜಪಾನಿನ ಫ್ಯೂಜಿ ಸ್ಪೀಡ್‌ವೇ ರಸ್ತೆ. ಮೊದಲ ತಿರುವಿನಲ್ಲೇ ಜಾಹೀರಾತಿನ ಹಲಗೆಗೆ ಗುದ್ದಿ ಬೆಂಕಿಯುಂಡೆಯಾದೆ. ಮಗಳು ಮೆಲ್ಲಗೆ, “ಅಪ್ಪ, ನನಗೆ ಡ್ರೈವಿಂಗ್ ಅಮ್ಮನೇ ಕಲಿಸಲಿ” ಅಂದಳು. ‘ಡಿಗ್ ಡಗ್’ ಎಂಬ ಇನ್ನೊಂದು ಆಟದಲ್ಲಿ ನೆಲದೊಳಗೆ ಸುರಂಗ ಕೊರೆದು, ಎದುರಾದ ಪ್ರಾಣಿಗೆ ಪಂಪಿನಿಂದ ಗಾಳಿ ತುಂಬಿ ಒಡೆಯಬೇಕು. ಅದನ್ನು ಹೆಂಡತಿ ವಹಿಸಿಕೊಂಡಳು. ಆಫೀಸಿನ ರಾತ್ರಿ ಮೀಟಿಂಗ್ ಮುಗಿಸಿ ಬಂದು, ಮಾತಿಲ್ಲದೆ, ಹತ್ತು ನಿಮಿಷ ಒಂದೇ ಸಮನೆ ಪಂಪು ಹೊಡೆದು, ಪ್ರಸನ್ನವದನೆಯಾಗಿ ಮಲಗುತ್ತಿದ್ದಳು. ಆ ಪ್ರಾಣಿಗಳಿಗೆ ಅವಳು ಇಟ್ಟಿದ್ದ ಹೆಸರುಗಳನ್ನು ನಾನು ಕೇಳಲಿಲ್ಲ. ಒಂದಕ್ಕೆ ನನ್ನಂತೆಯೇ ಕನ್ನಡಕವಿತ್ತು.

‘ಗ್ಯಾಲಗಾ’ದಲ್ಲಿ ಮಾತ್ರ ಸ್ವಲ್ಪ ವಿದ್ಯೆ ತೋರಿಸಲು ಹೋದೆ. 1981ರ ಈ ಆಟದಲ್ಲಿ ಒಂದು ಒಳಗುಟ್ಟಿದೆ. ಶತ್ರುಗಳ ನಾಯಕ ಕೆಳಗಿಳಿದು ಬೆಳಕಿನ ಬಲೆ ಬೀಸುತ್ತಾನೆ. ಬೇಕೆಂದೇ ಸಿಕ್ಕಿಬಿದ್ದರೆ ನಮ್ಮ ವಿಮಾನವನ್ನು ಒಯ್ಯುತ್ತಾನೆ. ಮುಂದಿನ ವಿಮಾನದಿಂದ ಅವನನ್ನು ಹೊಡೆದು ಬಿಡಿಸಿಕೊಂಡರೆ ಎರಡು ವಿಮಾನ ಜೋಡಿಯಾಗಿ, ಗುಂಡು ದುಪ್ಪಟ್ಟಾಗುತ್ತದೆ. ಇದನ್ನು ಅಮ್ಮನಿಗೆ ವಿವರಿಸುತ್ತಲೇ ಒಂದನ್ನು ಕೊಟ್ಟೆ, ಬಿಡಿಸಲು ಹೋಗಿ ಇನ್ನೊಂದನ್ನು ಕಳೆದೆ, ಗಾಬರಿಯಲ್ಲಿ ಮೂರನೆಯದೂ ಹೋಯಿತು.

“ಇದ್ದದ್ದನ್ನ ಅವನ ಕೈಗೆ ಕೊಟ್ಟು, ಎರಡಾಗಿ ವಾಪಸ್ ಬರುತ್ತೆ ಅಂತ ಕಾಯೋದು” ಅಂದಳು ಅಮ್ಮ. “ನಿಮ್ಮಪ್ಪ ಚೀಟಿ ಹಾಕಿ ಕಳಕೊಂಡದ್ದೂ ಹೀಗೇ.”

ಅಮ್ಮ ಕಂಟ್ರೋಲರ್ ಮುಟ್ಟಿದ್ದು ಒಂದು ಮಧ್ಯಾಹ್ನ, ನಾನು ಪಾತ್ರೆ ತೊಳೆಯುತ್ತಿದ್ದಾಗ. ಅಡುಗೆಮನೆಗೆ ಆಟದ ಸದ್ದು ಕೇಳಿಸಿತು. ವಿಶೇಷವೆಂದರೆ ಅದು ನಿಲ್ಲಲೇ ಇಲ್ಲ. ನಾನು ಆಡಿದರೆ ಅರ್ಧ ನಿಮಿಷಕ್ಕೊಮ್ಮೆ ಸಾಯುವ ಕೊರಗು ಕೇಳಬೇಕು. ಕೈ ಒರೆಸಿಕೊಂಡು ಬಂದು ನೋಡಿದರೆ, ಅಮ್ಮ ಕಂಟ್ರೋಲರನ್ನು ಅಕ್ಕಿ ಆರಿಸುವ ಮೊರದಂತೆ ತೊಡೆಯ ಮೇಲಿಟ್ಟುಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಮೂರನೆಯ ಮನೆಯಲ್ಲಿದ್ದಳು.

“ಯಾರು ಕಲಿಸಿದ್ದಮ್ಮ?”

“ಕಲಿಸೋದೇನು, ಚುಕ್ಕಿ ರಂಗೋಲಿ ಇದು. ಚುಕ್ಕಿ ಇಟ್ಟಾಗಿದೆ, ಎಳೆ ಎಳೀಬೇಕು. ನೀನು ಕಂಡಕಂಡ ಕಡೆ ನುಗ್ತೀಯ. ಎಲ್ಲಿಂದ ಶುರು, ಯಾವ ಮೂಲೆಗೆ ಮೊದಲು, ಎಲ್ಲಿ ತಿರುಗಿ ಎಲ್ಲಿ ಸೇರಬೇಕು ಅಂತ ಮನಸ್ಸಲ್ಲಿ ಬರಕೊಂಡಿರಬೇಕು. ಎಳೆ ಮಧ್ಯೆ ಕಡೀಬಾರದು.”

ನಾನು ನಕ್ಕೆ. ಆಮೇಲೆ ಯೋಚಿಸಿದರೆ ನಗು ಬರಲಿಲ್ಲ. ಆ ದೆವ್ವಗಳು ಜೂಜಾಡುವುದಿಲ್ಲ. ನಿಯಮಕ್ಕೆ ಕಟ್ಟುಬಿದ್ದ ದೆವ್ವಗಳು. ನೀವು ಒಂದೇ ಹಾದಿಯಲ್ಲಿ, ಒಂದೇ ಹೊತ್ತಿಗೆ, ಒಂದೇ ತಿರುವು ತಿರುಗಿದರೆ ಅವೂ ಪ್ರತಿಸಲ ಅಲ್ಲಲ್ಲೇ ತಿರುಗುತ್ತವೆ. ಎಂಬತ್ತರ ದಶಕದ ಆರಂಭದಲ್ಲಿ ಅಮೆರಿಕದ ಆಟಗಾರರು ಇದನ್ನು ಕಂಡುಹಿಡಿದು, ಯಾವ ಮನೆಗೆ ಯಾವ ಹಾದಿ ಎಂದು ಗೆರೆ ಎಳೆದು ಪುಸ್ತಕಗಳನ್ನೇ ಮಾಡಿ ಮಾರಿದ್ದರು. ಅವರಿಗೆ ಅದು ಸಂಶೋಧನೆ. ನಮ್ಮಮ್ಮನಿಗೆ ಅದು ಧನುರ್ಮಾಸದ ಬೆಳಗಿನ ಐದು ಗಂಟೆಯ ಕೆಲಸ.

ದೆವ್ವಗಳ ಗುಣವನ್ನಂತೂ ನಾಲ್ಕೇ ದಿನದಲ್ಲಿ ಬಿಡಿಸಿಟ್ಟಳು.

“ಈ ಕೆಂಪಿನೋನು ಇದ್ದಾನಲ್ಲ, ಇವನು ನೇರ. ಹಿಂದೆ ಬಿದ್ದರೆ ಬಿಡಲ್ಲ. ಸಾಲ ವಸೂಲಿಗೆ ಬರ್ತಿದ್ದ ನಮ್ಮ ದೊಡ್ಡಪ್ಪನ ಹಾಗೆ. ಗುಲಾಬಿ ಬಲು ಚಾಲಾಕಿ. ನೀನಿರೋ ಕಡೆ ಬರಲ್ಲ. ನೀನು ಹೋಗೋ ದಾರೀಲಿ ನಾಲ್ಕು ಹೆಜ್ಜೆ ಮುಂದೆ ಹೋಗಿ ಅಡ್ಡ ನಿಲ್ತಾಳೆ. ಮದುವೆಮನೇಲಿ ‘ಸಂಬಳ ಎಷ್ಟು’ ಅಂತ ಕೇಳೋಕೆ ಕೈತೊಳೆಯೋ ಜಾಗದಲ್ಲಿ ಕಾಯೋರಿಲ್ವಾ, ಹಾಗೆ. ಈ ತಿಳಿನೀಲಿ ನಿನ್ನನ್ನೂ ನೋಡ್ತಾನೆ, ಕೆಂಪಿನೋನು ಎಲ್ಲಿದ್ದಾನೆ ಅಂತಲೂ ನೋಡ್ಕೊಂಡು ಹೆಜ್ಜೆ ಇಡ್ತಾನೆ. ಎರಡು ಪಾರ್ಟಿ ಮಧ್ಯೆ ಇರೋ ಲೀಡರ್ ಥರ.”

ಇವಾತಾನಿ ಮತ್ತು ಅವರ ತಂಡ 1980ರಲ್ಲಿ ಬ್ಲಿಂಕಿ, ಪಿಂಕಿ, ಇಂಕಿಗೆ ಬರೆದಿಟ್ಟ ನಿಯಮಗಳು ಅಕ್ಷರಶಃ ಇವೇ. ಪಿಂಕಿಯ ಗುರಿ ಪ್ಯಾಕ್-ಮ್ಯಾನ್ ಮುಖ ಮಾಡಿದ ದಿಕ್ಕಿನಲ್ಲಿ ನಾಲ್ಕು ಚೌಕ ಮುಂದೆ ಎಂಬುದನ್ನು ನಾನು ಎಷ್ಟೋ ಓದಿ ತಿಳಿದದ್ದು. ಅಮ್ಮ ಮದುವೆಮನೆಗಳಲ್ಲಿ ಓಡಾಡಿ ತಿಳಿದಿದ್ದಳು.

“ಮತ್ತೆ ಆ ಕಿತ್ತಳೆ?” ಎಂದು ಹೆಂಡತಿ ಕೇಳಿದಳು. ಕ್ಲೈಡ್ ಎಂದು ಅವನ ಹೆಸರು.

“ಅವನಾ? ದೂರದಿಂದ ಭಾರಿ ಜೋರಾಗಿ ನುಗ್ಗಿ ಬರ್ತಾನೆ. ಹತ್ತಿರ ಬರ್ತಿದ್ದ ಹಾಗೆ ಧೈರ್ಯ ಸಾಲದೆ ಎಡಗಡೆ ಮೂಲೆಗೆ ಓಡಿಹೋಗ್ತಾನೆ.” ಅಮ್ಮ ಒಂದು ಕ್ಷಣ ನನ್ನ ಕಡೆ ನೋಡಿದಳು. “ಪಾಪ, ಅವನಿಂದ ಏನೂ ತೊಂದರೆ ಇಲ್ಲ.”

ಸೋಫಾದಲ್ಲಿ ಹೆಂಡತಿ, ಮಗಳು ಇಬ್ಬರೂ ಪಕಪಕ ನಕ್ಕರು. ಅಂದಿನಿಂದ ನನ್ನ ಕಾಲು ಎಡಕ್ಕೆ ತಿರುಗಿದರೆ ಸಾಕು, ಮನೆಯಲ್ಲಿ “ಕ್ಲೈಡ್ ಬಚ್ಚಲಿಗೆ ಹೊರಟ” ಎನ್ನುವಂತಾಯಿತು.

ದೊಡ್ಡ ಗುಳಿಗೆ ನುಂಗಿದಾಗ ದೆವ್ವಗಳು ನೀಲಿಗಟ್ಟಿ ತಿರುಗಿ ಓಡುತ್ತವೆ. ಆಗ ನಾವು ಅವನ್ನು ತಿನ್ನಬಹುದು. ಇನ್ನೂರು, ನಾನೂರು, ಎಂಟುನೂರು, ಸಾವಿರದ ಆರುನೂರು ಎಂದು ಅಂಕ ಇಮ್ಮಡಿಯಾಗುತ್ತ ಹೋಗುತ್ತದೆ. ಆದರೆ ಆ ಅಧಿಕಾರ ಮೊದಲ ಮನೆಯಲ್ಲಿ ಆರು ಸೆಕೆಂಡು. ಐದನೆಯ ಮನೆಗೆ ಬರುವಷ್ಟರಲ್ಲಿ ಎರಡೇ ಸೆಕೆಂಡು. ನಾನು ಆ ಆರು ಸೆಕೆಂಡಿಗೇ ಆಸೆಬಿದ್ದು ದೆವ್ವದ ಬೆನ್ನುಹತ್ತಿ, ಅದು ಬಣ್ಣ ಬದಲಾಯಿಸುವ ಗಳಿಗೆಗೆ ಸರಿಯಾಗಿ ತಲುಪುತ್ತಿದ್ದೆ. ಅಮ್ಮ ಗುಳಿಗೆ ನುಂಗಿದರೂ ದೆವ್ವದ ಕಡೆ ತಿರುಗುತ್ತಿರಲಿಲ್ಲ. “ಅವರು ಓಡ್ತಿರೋವಾಗ ನಮ್ಮ ಚುಕ್ಕಿ ಮುಗಿಸ್ಕೋಬೇಕು. ಅಧಿಕಾರ ಬಂತು ಅಂತ ಹೊಡೆಯೋಕೆ ಹೋದೋರು ಯಾರು ಉಳಿದಿದ್ದಾರೆ?” ಎಂಬುದು ಅವಳ ರಾಜ್ಯಶಾಸ್ತ್ರ.

ಅಂದಹಾಗೆ, ಆಗಿನ ಆಟದಂಗಡಿಗಳು ಗಂಡುಹುಡುಗರಿಂದಲೇ ತುಂಬಿರುತ್ತಿದ್ದವು, ಎಲ್ಲ ಆಟವೂ ಗುಂಡು ಹಾರಿಸುವುದೇ. ಹೆಂಗಸರೂ ಬಂದು ಆಡಲಿ ಎಂದೇ ಇವಾತಾನಿ ತಿನ್ನುವ ಆಟ ಮಾಡಿದ್ದು. ಅವರ ಉದ್ದೇಶ ಈಡೇರಿತು. ಮೈಸೂರು ತಲುಪಲು ಸ್ವಲ್ಪ ತಡವಾಯಿತು.

ಮಗಳು ಒಂದು ದಿನ ಕೇಳಿದಳು: “ಅಜ್ಜಿ, ಎಷ್ಟು ಹೊತ್ತು ಆಡಿದರೂ ಅದೇ ಮ್ಯಾಪ್. ಬೋರ್ ಆಗಲ್ವಾ?” ನಾನು ಉತ್ಸಾಹದಿಂದ ಹೇಳಿದೆ: 255 ಮನೆಗಳವರೆಗೂ ಅದೇ ನಕ್ಷೆ. 256ನೆಯದಕ್ಕೆ ಬಂದರೆ ಲೆಕ್ಕ ಇಡುವ ಎಂಟು ಬಿಟ್ಟಿನ ಜಾಗ ಸಾಲದೆ ಯಂತ್ರಕ್ಕೆ ತಲೆಕೆಟ್ಟು, ಪರದೆಯ ಬಲ ಅರ್ಧವೆಲ್ಲ ಅಕ್ಷರ, ಅಂಕಿಗಳ ಕಸವಾಗುತ್ತದೆ. ಅಲ್ಲಿಂದ ಮುಂದೆ ದಾರಿಯಿಲ್ಲ.

“ದಿನಾ ಅದೇ ಬಾಗಿಲು, ಅದೇ ನೆಲ. ನಲವತ್ತೆಂಟು ವರ್ಷ ರಂಗೋಲಿ ಹಾಕಿದೀನಿ” ಅಂದಳು ಅಮ್ಮ. “ಬೋರ್ ಆಗೋದು ನಿಂತು ನೋಡೋರಿಗೆ.”

ನವಮಿಯ ದಿನ ಅಮ್ಮ 41,260 ಅಂಕ ಗಳಿಸಿದಳು. ಅಂಕ ಉಳಿಸಿಡಲು ಹೋದಾಗ ಒಂದು ಸತ್ಯ ಹೊರಬಿತ್ತು: ಈ ಯಂತ್ರಕ್ಕೆ ನೆನಪು ತನ್ನೊಳಗಿಲ್ಲ. ಮೆಮೊರಿ ಕಾರ್ಡ್ ಎಂಬ ಪುಟ್ಟ ಬಿಲ್ಲೆಯನ್ನು ಬೇರೆ ಸಿಕ್ಕಿಸಬೇಕು. ಹದಿನೈದು ಡಾಲರಿಗೆ ಕೊಂಡ ಗಂಟಿನಲ್ಲಿ ಅದು ಇರಲಿಲ್ಲ, ನಾನು ನೋಡಿರಲೂ ಇಲ್ಲ. ಅಂದರೆ ಸ್ವಿಚ್ಚು ಆರಿಸಿದರೆ ಅಮ್ಮನ ದಾಖಲೆ ಮಾಯ.

“ಮೂಲ ಯಂತ್ರದಲ್ಲೂ ಹಾಗೇ ಇತ್ತು. ರಾತ್ರಿ ಅಂಗಡಿ ಮುಚ್ಚಿ ಕರೆಂಟ್ ತೆಗೆದರೆ ಎಲ್ಲರ ಅಂಕವೂ ಸೊನ್ನೆ. ಇದೇ ಅಪ್ಪಟ ಅನುಭವ” ಎಂದು ನಾನು ಸಮರ್ಥಿಸಿಕೊಂಡೆ. ಯಾರೂ ಕೇಳಿಸಿಕೊಳ್ಳಲಿಲ್ಲ. ಕಾರ್ಡು ತರಿಸಲು ಹೇಳಿದರು; ಒಂದು ಕಾರ್ಡಿಗೆ ಸಾಗಣೆ ವೆಚ್ಚ ಕೊಡುವುದು ದಂಡವೆಂದು, ಇನ್ನೇನಾದರೂ ಜೊತೆಗೆ ತರಿಸೋಣ ಎಂದು ನಾನು ಮುಂದೂಡಿದೆ. ಅಲ್ಲಿಯವರೆಗೆ ಯಂತ್ರವನ್ನು ಆರಿಸಬಾರದೆಂದು ತೀರ್ಮಾನವಾಯಿತು. ಟಿವಿಯ ಕೆಳಗೆ ಅದರ ಪುಟ್ಟ ಹಸಿರು ದೀಪ ನಂದಾದೀಪದಂತೆ ಹಗಲೂ ರಾತ್ರಿ ಉರಿಯತೊಡಗಿತು. ಮಗಳು ಹಳದಿ ಚೀಟಿ ಅಂಟಿಸಿದಳು: ‘ಅಜ್ಜಿಯ ಸ್ಕೋರ್. ಮುಟ್ಟಬೇಡಿ. ಅಪ್ಪ, ನಿನಗೇ ಹೇಳಿದ್ದು.’ ಅಮ್ಮ ಮಾತ್ರ ಯಾವ ಯಂತ್ರವನ್ನೂ ನಂಬದೆ, ಊರಿಂದ ತಂದಿದ್ದ ಒಂಟಿಕೊಪ್ಪಲ್ ಪಂಚಾಂಗದಲ್ಲಿ, ನವಮಿಯ ಪಕ್ಕ, ಪೆನ್ಸಿಲಿನಲ್ಲಿ 41,260 ಎಂದು ಬರೆದಿಟ್ಟಳು.

ಹನ್ನೆರಡು ದಿನ ದೀಪ ಉರಿಯಿತು.

ಹದಿಮೂರನೆಯ ದಿನದ ಹೊತ್ತಿಗೆ ನನ್ನ ಬಾಕಿ ಮೂವತ್ತೇಳು ಕೆಲಸ ಮುಟ್ಟಿತ್ತು. ಹೆಂಡತಿ ಒಂದೇ ಕಂತಿನಲ್ಲಿ ಹತ್ತು ಮನ್ನಾ ಮಾಡುವ ಯೋಜನೆ ಪ್ರಕಟಿಸಿದಳು: ಇಡೀ ಮನೆ ವ್ಯಾಕ್ಯೂಮ್, ಸೋಫಾದ ಹಿಂದೆ, ಟಿವಿಯ ಕೆಳಗೆ ಸಮೇತ. ನಾನು ಹುರುಪಿನಿಂದ ಹೊರಟೆ. ಸೋಫಾದ ಹಿಂದೆ ಮಗಳ ಮೂರು ಕಾಲುಚೀಲ, ಎರಡು ವರ್ಷದ ಹಿಂದಿನ ಕಡಲೆಬೀಜ ಸಿಕ್ಕವು. ಟಿವಿಯ ಕೆಳಗೆ ಬಗ್ಗಿ ಬ್ರಷ್ಷನ್ನು ಒಳಗೆ ತಳ್ಳಿದೆ. ನಾಯಿ ಅಗಿದಿದ್ದ ವೈರು ಅದಕ್ಕೆ ಸುತ್ತಿಕೊಂಡಿತು. ಎಳೆದೆ.

‘ಟಪ್’ ಎಂದಿತು. ನಂದಾದೀಪ ನಂದಿತು.

ಮನೆಯಲ್ಲಿ ವ್ಯಾಕ್ಯೂಮಿನ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಅದನ್ನೂ ಆರಿಸಿದ ಮೇಲೆ ಪರಿಸ್ಥಿತಿ ಇನ್ನೂ ಕೆಟ್ಟಿತು. ಮಗಳು “ಅಪ್ಪಾ...” ಎಂದು ಎಳೆದಳು. ಹೆಂಡತಿ ಎದ್ದು ಹೋಗಿ ಫ್ರಿಜ್ಜಿನ ಚಾರ್ಟಿನಲ್ಲಿ ಏನೋ ಬರೆದಳು. ಪೆನ್ನಿನ ಸದ್ದಿನಲ್ಲೇ ಅದು ಎರಡಂಕಿಯ ಸಂಖ್ಯೆ ಎಂದು ಗೊತ್ತಾಯಿತು. ನಾನು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ವೈರು ಸಿಕ್ಕಿಸಿ, ಯಂತ್ರ ಹಚ್ಚಿ, ಪ್ಯಾಕ್-ಮ್ಯಾನ್ ತೆರೆದೆ. ಅಂಕದ ಜಾಗದಲ್ಲಿ ಅಂಕವಿರಲಿಲ್ಲ. ಯಾರಿಗೂ ಆಡುವ ಮನಸ್ಸಿರಲಿಲ್ಲ. ಕಂಟ್ರೋಲರ್ ಕಾರ್ಪೆಟ್ಟಿನ ಮೇಲೆ ಬಿದ್ದಿತ್ತು. ಎಲ್ಲರೂ ಸುಮ್ಮನೆ ಪರದೆ ನೋಡುತ್ತ ಕೂತೆವು.

ಪರದೆಯ ಮೇಲೆ ನಾಲ್ಕು ದೆವ್ವಗಳ ಹೆಸರು ಒಂದೊಂದಾಗಿ ಬಂದವು. ಆಮೇಲೆ, ಸದ್ದಿಲ್ಲದೆ, ನಕ್ಷೆ ಮೂಡಿತು. ಹಳದಿ ಬಾಯಿ ತಾನಾಗಿ ಹೊರಟಿತು.

ನನ್ನ ಕೈಗೆ ಏನೋ ಆಯಿತು. ಬೆರಳು ತಾವಾಗಿ ಮಡಚಿಕೊಂಡವು. “ಈಗ ತಿರುಗ್ತಾನೆ ನೋಡಿ” ಅಂದೆ. ತಿರುಗಿತು. “ಈಗ ಮೇಲಕ್ಕೆ.” ಮೇಲಕ್ಕೆ ಹೋಯಿತು. “ಇಲ್ಲಿ ಗುಳಿಗೆ ನುಂಗ್ತಾನೆ, ಆಮೇಲೆ ಆ ಕಡೆ!” ಒಂದೊಂದು ತಿರುವನ್ನೂ ಮೊದಲೇ ಹೇಳುತ್ತ ಹೋದೆ, ಒಂದೂ ತಪ್ಪಲಿಲ್ಲ. ನಲವತ್ತು ವರ್ಷದ ಹಿಂದಿನ ವಿದ್ಯೆ ಅಷ್ಟೂ ಉಕ್ಕಿ ಬಂತು.

“ಅಪ್ಪ! ಹೇಗೆ ಗೊತ್ತು ನಿನಗೆ?” ಎಂದು ಮಗಳು ಕಣ್ಣರಳಿಸಿದಳು. ಹೆಂಡತಿ ಕೂಡ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಆ ಬೇಸಿಗೆಯಲ್ಲಿ ನನಗೆ ಸಿಕ್ಕ ಮೊದಲ ಗೌರವ ಅದು. “ಹೇಳ್ಲಿಲ್ವಾ? ಇದು ನನ್ನ ಆಟ. ವಸ್ತುಪ್ರದರ್ಶನದಲ್ಲಿ ಹೀಗೇ ಆಡ್ತಿದ್ದೆ. ತದ್ವತ್ ಹೀಗೇ!”

ತದ್ವತ್ ಎಂದ ಮೇಲೆ ನನ್ನ ಕಣ್ಣು ಪರದೆಯ ನಡುವಿಗೆ ಹೋಯಿತು. ಕೆಂಪು ಅಕ್ಷರದಲ್ಲಿ ಬರೆದಿತ್ತು: ‘ಗೇಮ್ ಓವರ್’.

ಅದು ಆಟದ ಹೆಸರಲ್ಲ ಎಂಬುದು ನನಗೆ ಪ್ರೌಢಶಾಲೆಯ ಹೊತ್ತಿಗೇ ಗೊತ್ತಾಗಿತ್ತು. ಆದರೆ ಆಟ ನಡೆಯುತ್ತಿರುವಾಗ ಅದು ಯಾಕೆ ಅಲ್ಲಿರುತ್ತಿತ್ತು ಎಂದು ಮೂವತ್ತೊಂಬತ್ತು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ಯಾರೂ ಕಾಸು ಹಾಕದಿದ್ದಾಗ ಗಿರಾಕಿಯನ್ನು ಸೆಳೆಯಲು ಯಂತ್ರ ತಾನೇ ಆಡಿ ತೋರಿಸುತ್ತದೆ. ಪ್ರತಿಸಲ ಅದೇ ಹಾದಿ, ಅದೇ ತಿರುವು, ಅದೇ ಸಾವು. ಕೋಲನ್ನು ಎತ್ತ ಅಲ್ಲಾಡಿಸಿದರೂ ಅದಕ್ಕೆ ಸಂಬಂಧವಿಲ್ಲ.

ಮೆಲ್ಲಗೆ ಅಮ್ಮನ ಕಡೆ ತಿರುಗಿದೆ.

“ಅಮ್ಮ, ಆವಾಗ ನೀನು ಬಿಲ್ಲೆ ಹಾಕ್ತಿದ್ದೆ ತಾನೆ?”

ಅಮ್ಮ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. “ಹಾಕಿದ ಹಾಗೆ ಕೈ ಮಾಡ್ತಿದ್ದೆ.”

“ಒಂದು ಸಲವೂ...?”

“ಅದು ತಾನೇ ಆಡ್ಕೊಳ್ತಿತ್ತು. ನೀನು ಕೋಲು ಹಿಡ್ಕೊಂಡು ಅಲ್ಲಾಡಿಸಿ ಅಲ್ಲಾಡಿಸಿ ಕುಣೀತಿದ್ದೆ. ಅಷ್ಟು ಖುಷಿಯಾಗಿರೋವಾಗ ರೂಪಾಯಿ ಯಾಕೆ ದಂಡ ಮಾಡ್ಲಿ?”

“ಆ ರೂಪಾಯಿ ಏನಾಯ್ತು?”

“ಪಕ್ಕದಲ್ಲೇ ದೆಹಲಿ ಹಪ್ಪಳ ಕೊಡಿಸ್ತಿದ್ದೆನಲ್ಲ. ನೀನೇ ತಿಂದೆ.”

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಜಟ್ಟಿ ಅಖಾಡಕ್ಕೇ ಇಳಿದಿರಲಿಲ್ಲ ಎಂದು ಗೊತ್ತಾದರೆ ಮೀಸೆಯ ಗತಿಯೇನು ಎಂದು ಗಾದೆ ಹೇಳುವುದಿಲ್ಲ. ಕಾಸಿನ ಭಯವಿದ್ದರೆ ಕೈ ಚುರುಕಾಗುತ್ತದೆ ಎಂಬ ನನ್ನ ಸಿದ್ಧಾಂತವೂ ಅಲ್ಲೇ ಹೋಯಿತು. ನಾನು ಆಗ ಕಾಸು ಹಾಕಿರಲಿಲ್ಲ, ಭಯವೂ ಇರಲಿಲ್ಲ, ಆಟವನ್ನೂ ಆಡಿರಲಿಲ್ಲ. ಇತ್ತ ನಮ್ಮನೆಯಲ್ಲಿ ದಾಖಲೆ ಮಾಡಿದ್ದು ಚಾರ್ಟಿನ ಪ್ರಕಾರ ಸಂಪೂರ್ಣ ಉಚಿತವಾಗಿ ಆಡಿದ ಅಮ್ಮ. ಬೆಲೆ ತೆತ್ತು ಆಡಿದ ನನ್ನ ಮೊದಲ ಪ್ಯಾಕ್-ಮ್ಯಾನ್ ಆಟದ ಬೆಲೆ ಒಂದು ಇಡ್ಲಿ ಪಾತ್ರೆ, ಅದೂ ತಳ ಹಿಡಿದದ್ದು.

ಅಂಕ ಅಳಿಸಿದ್ದಕ್ಕೆ ಅಮ್ಮನ ಕ್ಷಮೆ ಕೇಳಿದೆ. “ರಂಗೋಲಿಯನ್ನ ಯಾರಾದರೂ ನಾಳೆಗೆ ಅಂತ ಎತ್ತಿಡ್ತಾರೇನೋ? ತುಳಿದು ಹೋದರೆ ಮತ್ತೆ ಹಾಕೋದು” ಎಂದು ಕಂಟ್ರೋಲರ್ ಎತ್ತಿಕೊಂಡಳು. ಅಕ್ಟೋಬರಿನಲ್ಲಿ ಊರಿಗೆ ಹೊರಡುವ ಮುನ್ನ ಪಂಚಾಂಗದಲ್ಲಿ 58,430 ಎಂದು ತಿದ್ದಿದಳು. ನನ್ನ ಈವರೆಗಿನ ದಾಖಲೆ 6,120. ಅಷ್ಟನ್ನೂ ನಾನೇ ಆಡಿದ್ದು. ಮೂವರು ಸಾಕ್ಷಿಗಳಿದ್ದಾರೆ. ಫ್ರಿಜ್ಜಿನ ಮೇಲೆ ಇನ್ನೂ ನಲವತ್ತೊಂದು ಕೆಲಸ ಬಾಕಿಯಿದೆ.

ನಿಮ್ಮ ಬಾಲ್ಯದ ಆಟಗಳ ಡಿಸ್ಕು ಎಲ್ಲಾದರೂ ಅಗ್ಗಕ್ಕೆ ಕಂಡರೆ ಕೊಳ್ಳಿ, ಬೇಡ ಅನ್ನುವುದಿಲ್ಲ. ಆದರೆ ಮೊದಲು ಮೆಮೊರಿ ಕಾರ್ಡ್ ಇದೆಯೇ ನೋಡಿಕೊಳ್ಳಿ. ಅದಿಲ್ಲದೆ ಆಟಕ್ಕೆ ಕೂತರೆ, ನಿಮ್ಮ ಹಳೆಯ ಅಂಕಗಳಿಗೆಲ್ಲ ನಿಮ್ಮಮ್ಮನ ಮೆಮೊರಿಯೇ ಆಧಾರವಾಗುತ್ತದೆ. ಅದರಲ್ಲಿ ಎಲ್ಲವೂ ದಾಖಲಾಗಿರುತ್ತದೆ.